ರ‍್ಯಾನ್ಸಮ್‌ವೇರ್ ಕೆಡಿಸಿದ ಫೋಟೋ: ಡಿಕ್ರಿಪ್ಟರೋ, ರಿಪೇರಿಯೋ, ಅಂಗಡಿಯೋ?

ಫೋಟೋಗಳ ಹೆಸರಿನ ಕೊನೆಗೆ ಕೇಳರಿಯದ ನಾಲ್ಕಕ್ಷರದ ಬಾಲ. ಎಲ್ಲ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಟೆಕ್ಸ್ಟ್ ಫೈಲು, ಅದರೊಳಗೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ 490ಕ್ಕೇ ಬಿಡುತ್ತೇವೆ ಎನ್ನುವ ವ್ಯಾಪಾರ. ಇಷ್ಟು ಕಂಡರೆ ನಿಮಗೆ ಬಡಿದಿರುವುದು ಬಹುಮಟ್ಟಿಗೆ ಫೈಲಿಗೆ ಬೀಗ ಜಡಿದು ಹಣ ಕೀಳುವ ಸ್ಟಾಪ್/ಡಿಜೆವಿಯು ಕುಟುಂಬದ ರ‍್ಯಾನ್ಸಮ್‌ವೇರ್. ದೊಡ್ಡ ಕಂಪನಿಗಳ ಗೋಜಿಗೆ ಹೋಗದೆ ಮನೆ ಕಂಪ್ಯೂಟರು, ಸಣ್ಣ ಸ್ಟುಡಿಯೋ, ಝೆರಾಕ್ಸ್ ಅಂಗಡಿಗಳಿಗೇ ಗಂಟುಬೀಳುವ ಜಾತಿ ಇದು. ಬರುವ ದಾರಿಯೂ ಹೆಚ್ಚಾಗಿ ಒಂದೇ: ಪುಕ್ಕಟೆ ಸಿಕ್ಕ ಫೋಟೋಶಾಪ್ ಕ್ರ್ಯಾಕು, ಕೀಜೆನ್ನು, ವಿಂಡೋಸ್ ಆ್ಯಕ್ಟಿವೇಟರು.

ಆಮೇಲೆ ಸಲಹೆ ಕೊಡುವವರಿಗೆ ಬರವಿಲ್ಲ. ಆ ಬೀಗ ಬಿಚ್ಚುವ ಟೂಲಾದ ಡಿಕ್ರಿಪ್ಟರ್ ಹಾಕಿ ಎನ್ನುವವರು ಒಬ್ಬರು, ರಿಕವರಿ ಸಾಫ್ಟ್‌ವೇರ್ ಓಡಿಸಿ ಎನ್ನುವವರು ಇನ್ನೊಬ್ಬರು, ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಡಿಸ್ಕ್ ತಗೊಂಡು ಹೋಗಿ ಎನ್ನುವವರು ಮತ್ತೊಬ್ಬರು. ಒಬ್ಬೊಬ್ಬರದೂ ಯಾವುದೋ ಒಂದು ಸಂದರ್ಭದಲ್ಲಿ ನಿಜವೇ. ನಿಮ್ಮ ಸಂದರ್ಭ ಯಾವುದು ಎಂಬುದನ್ನು ಹೇಳುವುದು ಮಾತ್ರ ನಿಮ್ಮ ಫೈಲು. ಹಾಗಾಗಿ ಟೂಲ್ ಹುಡುಕುವ ಮೊದಲು ಫೈಲನ್ನು ನೋಡೋಣ.

ಯಾವುದರ ಮೇಲೆ ಅಳೆಯಬೇಕು

ಈ ಕುಟುಂಬದ ಒಂದು ಗುಣ ನಮ್ಮ ಪಾಲಿಗೆ ಭಾಗ್ಯ. ಸಾವಿರಾರು ಫೈಲುಗಳನ್ನು ಬೇಗ ಮುಗಿಸುವ ಆತುರದಲ್ಲಿ ಅದು ಪ್ರತಿ ಫೈಲಿನ ಮೊದಲ 150 ಕೆಬಿಯನ್ನಷ್ಟೇ ಗೂಢಲಿಪಿಗೆ ತಿರುಗಿಸಿ ಎನ್‌ಕ್ರಿಪ್ಟ್ ಮಾಡುತ್ತದೆ. ಉಳಿದದ್ದನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲ ಅಳತೆಗೋಲು ಫೈಲಿನ ಗಾತ್ರ. ಕ್ಯಾಮೆರಾದ 10 ಎಂಬಿ ಜೆಪೆಗ್‌ನಲ್ಲಿ 150 ಕೆಬಿ ಎಂದರೆ ನೂರಕ್ಕೆ ಒಂದೂವರೆ ಭಾಗ. ಫೋನಿನ ಮೂರೂವರೆ ಎಂಬಿ ಫೋಟೋದಲ್ಲಿ ನೂರಕ್ಕೆ ನಾಲ್ಕು ಭಾಗ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಎಷ್ಟೋ ಸಲ 100ರಿಂದ 200 ಕೆಬಿ ಇರುತ್ತದೆ, ಅಂದರೆ ಪೂರ್ತಿ ಅಥವಾ ಮುಕ್ಕಾಲು ಹೋಯಿತು.

ಎರಡನೆಯ ಅಳತೆ, ಅದೇ ಫೋಟೋ ಬೇರೆಲ್ಲಾದರೂ ಇದೆಯೇ ಎಂಬುದು. ಮೂರನೆಯದು, ಎಷ್ಟು ಚೆನ್ನಾಗಿ ಬಂದರೆ ನಿಮಗೆ ಸಾಕು: ಅಜ್ಜನ ಮುಖ ಕಂಡರೆ ಸಾಕೇ, ಅಥವಾ ಹನ್ನೆರಡಕ್ಕೆ ಹದಿನೆಂಟು ಇಂಚಿನ ಆಲ್ಬಮ್ ಹಾಳೆಗೆ ಬೇಕೇ? ನಾಲ್ಕನೆಯದು ದುಡ್ಡು ಮತ್ತು ಸಮಯ. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಈ ಪ್ರಯತ್ನ ಸೋತರೆ ಮುಂದಿನ ಪ್ರಯತ್ನಕ್ಕೆ ದಾರಿ ಉಳಿದಿರುತ್ತದೆಯೇ?

ಐದನೆಯದರ ಸಲುವಾಗಿ ಮೊದಲ ಕೆಲಸ ಒಂದಿದೆ. ಕಂಪ್ಯೂಟರಿನ ನೆಟ್ ಕಿತ್ತುಹಾಕಿ. ಡಿಸ್ಕ್ ಬಿಚ್ಚಿ ಬೇರೆ ಶುದ್ಧ ಕಂಪ್ಯೂಟರಿಗೆ ಜೋಡಿಸಿ, ಅಥವಾ ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಫೈಲುಗಳನ್ನೆಲ್ಲ ಹೊಸ ಹಾರ್ಡ್ ಡಿಸ್ಕಿಗೆ ನಕಲಿಸಿ. ಜೊತೆಗೆ ಆ ರೀಡ್‌ಮಿ ಫೈಲು, ಸಿ ಡ್ರೈವಿನಲ್ಲಿರುವ ‘ಸಿಸ್ಟಮ್‌ಐಡಿ’ ಫೋಲ್ಡರು ಎರಡನ್ನೂ ಎತ್ತಿಡಿ. ಸೋಂಕು ತಗುಲಿದ ವಿಂಡೋಸ್ ಓಡುತ್ತಿರುವಾಗ ಬ್ಯಾಕಪ್ ಡಿಸ್ಕ್ ಚುಚ್ಚಲೇಬೇಡಿ. ‘ಟೈಮ್ ಟ್ರಿಗರ್ ಟಾಸ್ಕ್’ ಎಂಬ ಹೆಸರಿನಲ್ಲಿ ಅದು ಟಾಸ್ಕ್ ಶೆಡ್ಯೂಲರಿನೊಳಗೆ ಕೂತು ಮತ್ತೆ ಮತ್ತೆ ಏಳುತ್ತದೆ, ಚುಚ್ಚಿದ ಡಿಸ್ಕನ್ನೂ ತಿನ್ನುತ್ತದೆ. ಇನ್ನು ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ಈ ಕುಟುಂಬ ಎಷ್ಟೋ ಸಲ ಅಜೋರಲ್ಟ್‌ನಂಥ ಪಾಸ್‌ವರ್ಡ್ ಕಳ್ಳನನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಬ್ರೌಸರಿನಲ್ಲಿ ಸೇವ್ ಆಗಿದ್ದರೆ ಫೋಟೋಗಿಂತ ಅದು ಮೊದಲು.

ಬೇರೆ ಕಡೆ ಇರುವ ಪ್ರತಿ: ಖರ್ಚಿಲ್ಲ, ಬೇಸರ ಜಾಸ್ತಿ

ಇದನ್ನು ‘ರಿಕವರಿ’ ಅಂತ ಯಾರೂ ಕರೆಯುವುದಿಲ್ಲ, ಆದರೆ ನಿಜವಾಗಿ ಅತಿ ಹೆಚ್ಚು ಫೋಟೋ ಮರಳಿ ಬರುವುದು ಇಲ್ಲಿಂದಲೇ. ಫೋನಿನಲ್ಲಿ ಗೂಗಲ್ ಫೋಟೋಸ್ ಬ್ಯಾಕಪ್ ಎಂದಾದರೂ ಆನ್ ಆಗಿತ್ತೇ ನೋಡಿ. 2021ರ ಜೂನ್ 1ರವರೆಗೆ ‘ಹೈ ಕ್ವಾಲಿಟಿ’ಯಲ್ಲಿ ಮಿತಿಯಿಲ್ಲದ ಉಚಿತ ಜಾಗ ಇತ್ತು. ಆ ಕಾಲದಲ್ಲಿ ಅರಿವಿಲ್ಲದೆ ಎಲ್ಲವನ್ನೂ ಮೇಲೇರಿಸಿದವರು ಬಹಳ ಮಂದಿ. ಹಳೆಯ ಜಿಮೇಲ್ ಐಡಿಗಳಿಗೂ ಲಾಗಿನ್ ಆಗಿ ನೋಡಿ. ಅಲ್ಲಿ ಏರಿದ ಫೋಟೋಗೆ ಕಂಪ್ಯೂಟರಿನ ಸೋಂಕು ತಗಲುವುದಿಲ್ಲ.

ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಕಥೆ ಬೇರೆ. ಕಂಪ್ಯೂಟರಿನ ಫೋಲ್ಡರನ್ನು ಸಿಂಕ್ ಮಾಡುವ ಕಾರಣ ಕೆಟ್ಟ ಫೈಲು ಅಲ್ಲಿಗೂ ಹೋಗಿರುತ್ತದೆ. ಆದರೆ ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಇಟ್ಟುಕೊಳ್ಳುತ್ತದೆ, ಮೈಕ್ರೋಸಾಫ್ಟ್ 365 ಚಂದಾದಾರರಿಗೆ ಇಡೀ ಒನ್‌ಡ್ರೈವನ್ನೇ 30 ದಿನದೊಳಗಿನ ಒಂದು ಹೊತ್ತಿಗೆ ಹಿಂದೆ ತಿರುಗಿಸುವ ಸೌಲಭ್ಯವಿದೆ. ಇಲ್ಲಿ ಕೈಕಟ್ಟಿ ಕೂತ ಒಂದೊಂದು ವಾರವೂ ನಷ್ಟ. ಉಳಿದ ಯಾವ ದಾರಿಗೂ ಇಂಥ ಗಡುವಿಲ್ಲ, ಆದ್ದರಿಂದ ಇದನ್ನೇ ಮೊದಲು ಮಾಡಿ.

ವಾಟ್ಸ್ಆ್ಯಪ್ ಫೋಟೋಗಳಿಗೆ ರಿಪೇರಿ ಟೂಲಿನ ಹಿಂದೆ ಅಲೆಯುವುದು ವ್ಯರ್ಥ. ಅದನ್ನು ಕಳಿಸಿದ ಚಿಕ್ಕಮ್ಮನ ಫೋನಿನಲ್ಲಿ, ಕುಟುಂಬದ ಗುಂಪಿನಲ್ಲಿ, ಆಲ್ಬಮ್ ಪ್ರಿಂಟ್ ಹಾಕಿದ ಲ್ಯಾಬಿನಲ್ಲಿ ಕೇಳಿ. ಕೇಳಲು ಸಂಕೋಚವಾಗುತ್ತದೆ, ಅದೊಂದೇ ಖರ್ಚು.

ಮೆಮೊರಿ ಕಾರ್ಡ್: ಸ್ಟುಡಿಯೋದವರ ನಿಜವಾದ ಆಸರೆ

ಕ್ರಿಸ್ಟೋಫ್ ಗ್ರೆನಿಯೆ ಬರೆದ ‘ಫೋಟೋರೆಕ್’ ಎಂಬ ಉಚಿತ ಸಾಫ್ಟ್‌ವೇರಿದೆ. ಡಿಲೀಟ್ ಆದ ಫೈಲುಗಳನ್ನು ಡಿಸ್ಕಿನ ಹಸಿ ದತ್ತಾಂಶದಿಂದ ಹೆಕ್ಕುವುದು ಅದರ ಕೆಲಸ. ಸ್ಟಾಪ್/ಡಿಜೆವಿಯು ಹೊಡೆದ ಹಾರ್ಡ್ ಡಿಸ್ಕಿನ ಮೇಲೆ ಇದನ್ನು ಓಡಿಸಿ ನಿರಾಶರಾದವರು ತುಂಬ, ಏಕೆಂದರೆ ಈ ರ‍್ಯಾನ್ಸಮ್‌ವೇರ್ ಫೈಲನ್ನು ಅಳಿಸಿ ಹೊಸದು ಬರೆಯುವುದಿಲ್ಲ, ಇದ್ದ ಜಾಗದಲ್ಲೇ ಮೊದಲ ಭಾಗದ ಮೇಲೆ ಬರೆಯುತ್ತದೆ. ಹೆಕ್ಕಲು ಹಳೆಯದೇ ಉಳಿದಿರುವುದಿಲ್ಲ. ಎಸ್‌ಎಸ್‌ಡಿಯಾದರೆ ಡಿಲೀಟ್ ಆದದ್ದನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೇ ಒರೆಸಿಹಾಕುತ್ತದೆ, ಅಲ್ಲಂತೂ ಆಸೆ ಬೇಡ.

ಆದರೆ ಅದೇ ಫೋಟೋರೆಕ್ಕನ್ನು ಕ್ಯಾಮೆರಾದ ಎಸ್‌ಡಿ ಕಾರ್ಡಿನ ಮೇಲೆ ಓಡಿಸಿ ನೋಡಿ. ಕ್ಯಾಮೆರಾದಲ್ಲಿ ‘ಫಾರ್ಮ್ಯಾಟ್’ ಒತ್ತಿದರೆ ಸಾಮಾನ್ಯವಾಗಿ ಪಟ್ಟಿ ಮಾತ್ರ ಅಳಿಯುತ್ತದೆ, ಫೋಟೋ ಮೇಲೆ ಹೊಸ ಫೋಟೋ ಬೀಳುವ ತನಕ ಹಳೆಯದು ಅಲ್ಲೇ ಇರುತ್ತದೆ. ಕಳೆದ ಮದುವೆಯ ನಂತರ ಕಾರ್ಡಿನಲ್ಲಿ ಒಂದು ನಾಮಕರಣವಷ್ಟೇ ತೆಗೆದಿದ್ದರೆ ಮದುವೆಯ ಮುಕ್ಕಾಲು ಪಾಲು ಪೂರ್ಣ ಗುಣಮಟ್ಟದಲ್ಲಿ ಸಿಗಬಹುದು. ಹೆಸರುಗಳು ಮಾತ್ರ ಕಳೆದುಹೋಗಿ ಬರೀ ಅಂಕಿಗಳಾಗಿರುತ್ತವೆ. ವಿಷಯ ಗೊತ್ತಾದ ಕ್ಷಣದಿಂದ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ತೆಗೆಯಬೇಡಿ.

ಫೋಟೋರೆಕ್ ಡಿಸ್ಕಿನ ಮೇಲೂ ಗೆದ್ದ ಪ್ರಕರಣವಿದೆ. 2021ರ ಏಪ್ರಿಲ್‌ನಲ್ಲಿ ಕ್ಯುನ್ಯಾಪ್ ಕಂಪನಿಯ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಶೇಖರಣಾ) ಪೆಟ್ಟಿಗೆಗಳಿಗೆ ನುಗ್ಗಿದ ಕ್ಯೂಲಾಕರ್, ಫೈಲುಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಝಿಪ್ ಗಂಟುಗಳಲ್ಲಿ ಕಟ್ಟಿ ಮೂಲವನ್ನು ಡಿಲೀಟ್ ಮಾಡುತ್ತಿತ್ತು. ಡಿಲೀಟ್ ಮಾತ್ರ ಆದ್ದರಿಂದ ಎಷ್ಟೋ ಮಂದಿಗೆ ಹೆಕ್ಕಲು ಸಾಧ್ಯವಾಯಿತು. ಆ ಕಂಪನಿಯೇ ಆಮೇಲೆ ಫೋಟೋರೆಕ್ ಆಧರಿಸಿದ ‘ಕ್ಯೂರೆಸ್ಕ್ಯೂ’ ಎಂಬ ಟೂಲ್ ಕೊಟ್ಟಿತು. ಸಲಹೆ ಕೊಟ್ಟವರು ಕಂಡದ್ದು ಬೇರೆ ರ‍್ಯಾನ್ಸಮ್‌ವೇರ್ ಆಗಿದ್ದರೆ ಸಲಹೆಯೂ ಬೇರೆ. ನಿಮ್ಮದು ಯಾವ ಕುಟುಂಬ ಎಂದು ಖಚಿತ ಮಾಡಿಕೊಳ್ಳಲು ‘ಐಡಿ ರ‍್ಯಾನ್ಸಮ್‌ವೇರ್’ ಎಂಬ ಉಚಿತ ತಾಣಕ್ಕೆ ರೀಡ್‌ಮಿ ಫೈಲನ್ನೂ ಒಂದು ಕೆಟ್ಟ ಫೈಲನ್ನೂ ಹಾಕಿ.

ಡಿಕ್ರಿಪ್ಟರ್: ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ

ಮೈಕಲ್ ಗಿಲೆಸ್ಪಿಯವರ ಜೊತೆ ಸೇರಿ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಸ್ಟಾಪ್/ಡಿಜೆವಿಯುಗೆ ಉಚಿತ ಡಿಕ್ರಿಪ್ಟರ್ ಹೊರತಂದಿತು. ಆಗಿನ 148 ತಳಿಗಳಿಗೆ ಅದು ಮದ್ದು. 2019ರ ಆಗಸ್ಟ್‌ಗೂ ಮುಂಚಿನ ಹಳೆಯ ತಳಿಯಾದರೆ, ಒಂದೇ ಫೋಟೋದ ಕೆಟ್ಟ ಪ್ರತಿ ಮತ್ತು ಒಳ್ಳೆಯ ಪ್ರತಿಯ ಜೋಡಿ ಕೊಟ್ಟು ಉಳಿದವನ್ನು ಬಿಡಿಸಿಕೊಳ್ಳಬಹುದು. ಹಳೆಯ ಹಾರ್ಡ್ ಡಿಸ್ಕ್ ಅಟ್ಟದ ಮೇಲೆ ಇಟ್ಟು ಮರೆತವರು ಇದನ್ನು ಕೇಳಿಸಿಕೊಳ್ಳಿ.

ಹೊಸ ತಳಿಗಳಲ್ಲಿ ಪ್ರಶ್ನೆ ಒಂದೇ, ಬೀಗ ಬಿಚ್ಚುವ ಸಂಕೇತವಾದ ‘ಕೀ’ ಯಾವ ಬಗೆಯದು: ಆನ್‌ಲೈನ್ ಕೀಯೋ, ಆಫ್‌ಲೈನ್ ಕೀಯೋ? ದಾಳಿಯ ಹೊತ್ತಿಗೆ ರ‍್ಯಾನ್ಸಮ್‌ವೇರ್ ತನ್ನ ಸರ್ವರನ್ನು ತಲುಪಿದ್ದರೆ ನಿಮಗೇ ಪ್ರತ್ಯೇಕವಾದ ಕೀ ತಂದಿರುತ್ತದೆ. ಅದು ಅವರ ಬಳಿ ಮಾತ್ರ ಇದೆ. ತಲುಪಲಾಗದಿದ್ದರೆ ತನ್ನೊಳಗೇ ಇದ್ದ ಸಿದ್ಧ ಕೀಯನ್ನು ಬಳಸುತ್ತದೆ, ಆ ತಳಿಗೆ ಬಲಿಯಾದ ಇಂಥವರೆಲ್ಲರಿಗೂ ಅದೇ ಕೀ. ಯಾರಾದರೊಬ್ಬರು ಹಣ ತೆತ್ತು ಪಡೆದ ಆ ಕೀಯನ್ನು ಹಂಚಿಕೊಂಡರೆ ಡಿಕ್ರಿಪ್ಟರಿಗೆ ಸೇರುತ್ತದೆ. ಆ ಹೊತ್ತಿಗೆ ಇಂಟರ್ನೆಟ್ ಕೈಕೊಟ್ಟಿದ್ದರೆ ಅದೃಷ್ಟ ಎಂದುಕೊಳ್ಳಬೇಕು. ಪತ್ತೆ ಮಾಡುವುದು ಸುಲಭ: ಸಿಸ್ಟಮ್‌ಐಡಿ ಫೋಲ್ಡರಿನ ‘ಪರ್ಸನಲ್‌ಐಡಿ’ ಫೈಲು ತೆರೆಯಿರಿ, ಐಡಿ ‘ಟಿ1’ ಎಂದು ಮುಗಿದಿದ್ದರೆ ಆಫ್‌ಲೈನ್. ಒಂದಕ್ಕಿಂತ ಹೆಚ್ಚು ಐಡಿ ಇದ್ದರೆ ಕೆಲವು ಫೈಲು ಹೀಗೆ, ಕೆಲವು ಹಾಗೆ.

ಡಿಕ್ರಿಪ್ಟರನ್ನು ಎಮ್ಸಿಸಾಫ್ಟ್ ತಾಣದಿಂದಲೇ ಇಳಿಸಿಕೊಳ್ಳಿ. ಅಥವಾ ‘ನೋ ಮೋರ್ ರ‍್ಯಾನ್ಸಮ್’ ಮೂಲಕ ಹೋಗಿ, ಅದು ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ ತಾಣ. ಹೀಗೆ ಒತ್ತಿ ಹೇಳಲು ಕಾರಣವಿದೆ. 2020ರಲ್ಲಿ ಝೊರಾಬ್ ಎಂಬ ಇನ್ನೊಂದು ರ‍್ಯಾನ್ಸಮ್‌ವೇರ್ ಸ್ಟಾಪ್/ಡಿಜೆವಿಯು ಡಿಕ್ರಿಪ್ಟರಿನ ವೇಷದಲ್ಲೇ ಬಂದು, ಕೆಟ್ಟ ಫೈಲುಗಳ ಮೇಲೆ ಇನ್ನೊಂದು ಸುತ್ತು ಎನ್‌ಕ್ರಿಪ್ಟ್ ಮಾಡಿತು. ನೀರಿಗೆ ಬಿದ್ದವರ ಮೇಲೆ ಕಲ್ಲು ಹಾಕುವ ಜನ ಇಲ್ಲೂ ಇದ್ದಾರೆ.

ಜೆಪೆಗ್ ರಿಪೇರಿ: ಮುಖ ಬರುತ್ತದೆ, ಅಂಚು ಹೋಗುತ್ತದೆ

ಆನ್‌ಲೈನ್ ಕೀ, ಬೇರೆ ಪ್ರತಿ ಇಲ್ಲ, ಆದರೆ ಫೋಟೋ ದೊಡ್ಡದು. ಇಂಥವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಎನ್‌ಕ್ರಿಪ್ಷನ್ ಒಡೆಯುವ ಮಾತೇ ಇಲ್ಲಿಲ್ಲ, ಹೋದದ್ದನ್ನು ಬಿಟ್ಟು ಉಳಿದದ್ದನ್ನು ಬದುಕಿಸುವುದಷ್ಟೇ.

ಜೆಪೆಗ್ ಫೈಲನ್ನು ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಶುರುವಿನಲ್ಲಿ ‘ಎಫ್‌ಎಫ್ ಡಿ8’, ಕೊನೆಯಲ್ಲಿ ‘ಎಫ್‌ಎಫ್ ಡಿ9’ ಕಾಣಬೇಕು. ನಡುವೆ ಮೊದಲು ಹೆಡರ್: ಚಿತ್ರದ ಅಗಲ ಎತ್ತರ, ಸಂಕುಚನದ ಕೋಷ್ಟಕಗಳು, ಕ್ಯಾಮೆರಾ ವಿವರ, ಚಿಕ್ಕ ಥಂಬ್‌ನೇಲು. ಆಮೇಲೆ ಚಿತ್ರದ ದತ್ತಾಂಶ ಒಂದೇ ಸಮನೆ ಸುರಿಯುತ್ತದೆ. ರ‍್ಯಾನ್ಸಮ್‌ವೇರ್ ತಿಂದಿರುವುದು ಹೆಡರನ್ನೂ ಚಿತ್ರದ ಮೊದಲ ಒಂದಿಷ್ಟು ಸಾಲನ್ನೂ. ಅದೇ ಕ್ಯಾಮೆರಾದಲ್ಲಿ, ಅದೇ ರೆಸಲ್ಯೂಷನ್, ಅದೇ ಗುಣಮಟ್ಟದ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೋಟೋದ ಹೆಡರನ್ನು ಇದಕ್ಕೆ ಕಸಿ ಮಾಡಿದರೆ ಉಳಿದ ಚಿತ್ರ ತೆರೆದುಕೊಳ್ಳುತ್ತದೆ. ಒಳ್ಳೆಯ ಫೋಟೋ ಇಲ್ಲವೇ? ಅದೇ ಕ್ಯಾಮೆರಾ ತೆಗೆದುಕೊಂಡು ಗೋಡೆಯದ್ದೊಂದು ಫೋಟೋ ತೆಗೆಯಿರಿ, ಸಾಕು. ಕ್ಯಾಮೆರಾ ಮಾರಿದ್ದರೆ ಅದೇ ಮಾದರಿ ಇರುವವರಿಂದ ಒಂದು ಫೋಟೋ ತರಿಸಿಕೊಳ್ಳಿ.

ಬಂದ ಚಿತ್ರದ ಬಣ್ಣ ಮೊದಲಿಗೆ ವಿಚಿತ್ರವಾಗಿರುತ್ತದೆ, ಧಾರೆ ಸೀರೆ ಹಸಿರಾಗಿ ಮುಖ ನೇರಳೆಯಾಗಿ ಕಂಡರೆ ಗಾಬರಿಯಾಗಬೇಡಿ. ಜೆಪೆಗ್ ಪ್ರತಿ ಚೌಕದ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆದಿಡುತ್ತದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಮೊದಲ ಹಾಳೆ ಹರಿದರೆ ಮುಂದಿನ ಬಾಕಿಯೆಲ್ಲ ಅಷ್ಟೇ ಮೊತ್ತದಿಂದ ತಪ್ಪಾದ ಹಾಗೆ, ಇಲ್ಲೂ ಇಡೀ ಚಿತ್ರ ಒಂದೇ ಅಳತೆಯಲ್ಲಿ ಬಣ್ಣ ತಪ್ಪಿರುತ್ತದೆ. ಆ ವ್ಯತ್ಯಾಸ ಹಿಡಿದು ಸರಿಮಾಡುವುದೇ ರಿಪೇರಿ ಟೂಲಿನ ಅರ್ಧ ಕೆಲಸ. ಇನ್ನರ್ಧ, ಎಡಕ್ಕೋ ಬಲಕ್ಕೋ ಜರುಗಿ ಕೂತ ಚಿತ್ರವನ್ನು ಸ್ವಸ್ಥಾನಕ್ಕೆ ತರುವುದು.

ಎಷ್ಟು ಹೋಗುತ್ತದೆ? 4000ಕ್ಕೆ 3000 ಪಿಕ್ಸೆಲ್‌ನ, ಮೂರೂವರೆ ಎಂಬಿ ತೂಗುವ ಫೋನ್ ಫೋಟೋದಲ್ಲಿ ಅಂದಾಜು 130 ಸಾಲು. ಹೆಡರಿನ ಪಾಲು ಕಳೆದರೆ ಇನ್ನೂ ಕಡಿಮೆ. ಆದರೆ ಮೇಲ್ಗಡೆ ಬರೀ ಆಕಾಶವಿದ್ದರೆ ಪಟ್ಟಿ ದೊಡ್ಡದು, ಏಕೆಂದರೆ ಆಕಾಶ ಕಡಿಮೆ ಕೆಬಿಯಲ್ಲಿ ಮುಗಿಯುತ್ತದೆ. ಛತ್ರದೊಳಗಿನ ಹೂವಿನ ಮಂಟಪವಾದರೆ ಪಟ್ಟಿ ಚಿಕ್ಕದು. ಮದುವೆ ಫೋಟೋದಲ್ಲಿ ಮೇಲೆ ಹೋಗುವುದು ಹೆಚ್ಚಾಗಿ ಸೀರಿಯಲ್ ಸೆಟ್ಟು, ತೋರಣ. ಕತ್ತರಿಸಿ ಆಲ್ಬಮ್‌ಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಫೋನನ್ನು ನಿಲ್ಲಿಸಿ ತೆಗೆದ ಫೋಟೋದಲ್ಲಿ ಮಾತ್ರ ಎಚ್ಚರ: ಎಷ್ಟೋ ಫೋನುಗಳು ಅದನ್ನು ಅಡ್ಡಲಾಗಿಯೇ ಬರೆದಿಟ್ಟು ‘ತಿರುಗಿಸಿ ತೋರಿಸು’ ಎಂದು ಹೆಡರಿನಲ್ಲಿ ಗುರುತು ಹಾಕುತ್ತವೆ. ಆಗ ಹೋಗುವುದು ಮೇಲಿನ ಪಟ್ಟಿಯಲ್ಲ, ಒಂದು ಬದಿ. ಗುಂಪಿನ ಫೋಟೋದಲ್ಲಿ ಬದಿಗೆ ನಿಂತ ಮಾವನೇ ಹೋಗಿಬಿಡಬಹುದು.

ಟೂಲುಗಳಲ್ಲಿ ಈ ಕೆಲಸಕ್ಕೆಂದೇ ಮಾಡಿದ ಎರಡನ್ನು ಹೆಸರಿಸುತ್ತೇನೆ: ಡಿಸ್ಕ್‌ಟ್ಯೂನಾದ ‘ಜೆಪೆಗ್ ರಿಪೇರ್’, ಮತ್ತು ‘ಜೆಪೆಗ್‌ಮೆಡಿಕ್ ಎಆರ್‌ಡಬ್ಲ್ಯುಇ’. ಹತ್ತಾರು ಫೋಟೋ ಇದ್ದು ತಾಳ್ಮೆ ಇದ್ದರೆ ಮೊದಲನೆಯದರಲ್ಲಿ ಒಂದೊಂದಾಗಿ ಕೂತು ತಿದ್ದುವ ಹಿಡಿತ ಸಿಗುತ್ತದೆ. ಸಾವಿರಗಟ್ಟಲೆ ಇದ್ದರೆ ಫೋಲ್ಡರ್ ಫೋಲ್ಡರನ್ನೇ ಒಟ್ಟಿಗೆ ಓಡಿಸುವ ಎರಡನೆಯದು ವಾಸಿ. ಎಲ್ಲಕ್ಕೂ ದುಡ್ಡು ಕಟ್ಟುವ ಮೊದಲು ನಿಮ್ಮವೇ ನಾಲ್ಕಾರು ಫೈಲು ಹಾಕಿ ಫಲಿತಾಂಶ ನೋಡಿ, ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬಹಳ ಬದಲಾಗುತ್ತದೆ. ಫೋಟೋಶಾಪ್‌ನಲ್ಲಿ ತಿದ್ದಿ ಸೇವ್ ಮಾಡಿದ ಜೆಪೆಗ್‌ಗಳು ಹಠಮಾರಿಗಳು. ಅವುಗಳ ಕೋಷ್ಟಕ ಕ್ಯಾಮೆರಾದ್ದಲ್ಲ, ಅದೇ ಸೆಟ್ಟಿಂಗಿನಲ್ಲಿ ಸೇವ್ ಮಾಡಿದ ಇನ್ನೊಂದು ಫೈಲು ಬೇಕಾಗುತ್ತದೆ.

ರಾ ಫೈಲು, ಅಂದರೆ ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲು, ಇಟ್ಟುಕೊಂಡವರ ಸ್ಥಿತಿ ಇನ್ನೂ ಮೇಲು. 20-30 ಎಂಬಿಯ ರಾ ಫೈಲಿನಲ್ಲಿ 150 ಕೆಬಿ ಲೆಕ್ಕಕ್ಕೇ ಇಲ್ಲ, ಜೊತೆಗೆ ಅನೇಕ ಕ್ಯಾಮೆರಾಗಳು ಅದರ ಹೊಟ್ಟೆಯಲ್ಲಿ ದೊಡ್ಡ ಜೆಪೆಗ್ ಪೂರ್ವನೋಟವೊಂದನ್ನು ಬಚ್ಚಿಟ್ಟಿರುತ್ತವೆ. ಅದು ಆ 150 ಕೆಬಿ ದಾಟಿ ಕೂತಿದ್ದರೆ ಪಟ್ಟಿಯೂ ಹೋಗದೆ ಇಡೀ ಚಿತ್ರ ಹೊರಬರುತ್ತದೆ. ಜೆಪೆಗ್ ಮತ್ತು ರಾ ಎರಡೂ ಇದ್ದರೆ ರಾದಿಂದಲೇ ಶುರುಮಾಡಿ. ವಿಡಿಯೋಗಳಿಗೆ ಡಿಸ್ಕ್‌ಟ್ಯೂನಾದ್ದೇ ‘ಮೀಡಿಯಾ ರಿಪೇರ್’ ಉಚಿತವಾಗಿ ಸಿಗುತ್ತದೆ. ಮುಹೂರ್ತದ ಎಂಪಿ4ನಲ್ಲಿ ಆರಂಭದ ಕ್ಷಣವೊಂದು ಹೋಗಿ ಉಳಿದದ್ದು ಬರುವ ಸಾಧ್ಯತೆ ಚೆನ್ನಾಗಿದೆ.

ಇಡೀ ಫೈಲನ್ನೇ ಎನ್‌ಕ್ರಿಪ್ಟ್ ಮಾಡುವ ಕುಟುಂಬಗಳೂ ಇವೆ. ನಿಮ್ಮದು ಅಂಥದ್ದಾದರೆ ಈ ವಿಭಾಗದ ಯಾವುದೂ ಅನ್ವಯಿಸುವುದಿಲ್ಲ.

ಅಂಗಡಿಗೆ ಕೊಡುವುದು

ಡಿಸ್ಕೇ ಭೌತಿಕವಾಗಿ ಕೆಟ್ಟಿದ್ದರೆ, ಅಥವಾ ಮೇಲಿನದೆಲ್ಲ ಮಾಡಲು ಪುರುಸೊತ್ತಿಲ್ಲದಿದ್ದರೆ, ಡೇಟಾ ರಿಕವರಿ ಅಂಗಡಿ ಸರಿಯಾದ ಆಯ್ಕೆ. ಆದರೆ ಕೊಡುವ ಮೊದಲು ಕೇಳಿ: ಎರಡು ಫೈಲು ಕೊಡುತ್ತೇನೆ, ಮಾದರಿಗೆ ಮಾಡಿ ತೋರಿಸುತ್ತೀರಾ? ಹೇಗೆ ಮಾಡುತ್ತೀರಿ? ‘ಹೆಡರ್ ರಿಪೇರಿ, ಮೇಲಿನ ಪಟ್ಟಿ ಹೋಗುತ್ತದೆ’ ಎಂದು ಮೊದಲೇ ಹೇಳುವವರನ್ನು ನಂಬಿ. ‘ನೂರಕ್ಕೆ ನೂರು ಡಿಕ್ರಿಪ್ಟ್ ಮಾಡಿಕೊಡುತ್ತೇವೆ, ವಿಧಾನ ಗುಟ್ಟು’ ಎನ್ನುವವರು, ಆನ್‌ಲೈನ್ ಕೀ ಪ್ರಕರಣದಲ್ಲಿ, ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ನಿಮ್ಮ ದುಡ್ಡಿನಲ್ಲಿ ಸುಲಿಗೆಕೋರರಿಗೆ ಹಣ ಕಟ್ಟಿ ನಡುವೆ ಕಮಿಷನ್ ಹೊಡೆಯುತ್ತಾರೆ. ಮೂಲ ಡಿಸ್ಕನ್ನು ಕೊಡಬೇಡಿ, ನಕಲು ಕೊಡಿ. ಮದುವೆ ಮನೆಯವರ ಖಾಸಗಿ ಫೋಟೋಗಳು ಯಾರ ಕೈಗೆ ಹೋಗುತ್ತಿವೆ ಎಂಬುದೂ ನಿಮ್ಮ ಜವಾಬ್ದಾರಿಯೇ.

ಸುಲಿಗೆ ಹಣ ಕಟ್ಟುವುದು

ತಾತ್ವಿಕ ವಾದ ಪಕ್ಕಕ್ಕಿಡಿ, ವ್ಯವಹಾರವಾಗಿಯೇ ನೋಡಿ. 490 ಡಾಲರ್ ಎಂದರೆ ನಲವತ್ತು ಸಾವಿರ ರೂಪಾಯಿ ದಾಟುತ್ತದೆ, ಅದೂ ಕ್ರಿಪ್ಟೋದಲ್ಲಿ. ಕೀ ಬರುತ್ತದೆಂಬ ಭರವಸೆ ಕೊಡುವವರು ನಿಮ್ಮನ್ನು ದೋಚಿದವರೇ. ಬಹುತೇಕ ಮನೆಮಂದಿಗೆ ಇದಕ್ಕಿಂತ ಕಡಿಮೆಯಲ್ಲಿ ರಿಪೇರಿಯಿಂದ ಹೆಚ್ಚು ಸಿಗುತ್ತದೆ. ಕಟ್ಟಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಟ್ಟದೆಯೂ ಒಂದು ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ನಮ್ಮ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿವೆ, ಬ್ಯಾಂಕ್ ಖಾತೆಯಿಂದ ಹಣವೂ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೊಲೀಸರು ಫೋಟೋ ಬಿಡಿಸಿಕೊಡುವುದಿಲ್ಲ. ಆದರೆ ಆಲ್ಬಮ್ ಕೊಡಲಾಗದ ಸ್ಟುಡಿಯೋದವರಿಗೆ ಗ್ರಾಹಕರ ಮುಂದೆ ತೋರಿಸಲು ಒಂದು ದಾಖಲೆ ಇರುತ್ತದೆ.

ಹಾಗಾದರೆ ನೀವು?

ಬಜೆಟ್ ಸೊನ್ನೆ, ಹೆಚ್ಚಿನವು ಫೋನ್ ಫೋಟೋ: ಕ್ಲೌಡ್ ಮತ್ತು ನೆಂಟರ ಫೋನು, ನಂತರ ಐಡಿ ನೋಡಿ ಡಿಕ್ರಿಪ್ಟರು. ಉಳಿದವುಗಳಲ್ಲಿ ನಿಜವಾಗಿ ಬೇಕಾದ ಇಪ್ಪತ್ತು ಮೂವತ್ತನ್ನು ಆರಿಸಿ ರಿಪೇರಿಗೆ ಹಚ್ಚಿ.

ಸ್ಟುಡಿಯೋ, ತಿಂಗಳೊಳಗೆ ಆಲ್ಬಮ್ ಕೊಡಬೇಕು: ಇಂದೇ ಎಲ್ಲ ಕಾರ್ಡುಗಳನ್ನೂ ಪಕ್ಕಕ್ಕೆ ತೆಗೆದಿಡಿ, ಫೋಟೋರೆಕ್ ಓಡಿಸಿ. ಸಿಗದವುಗಳಿಗೆ ರಾ, ಅದೂ ಇಲ್ಲದಿದ್ದರೆ ದುಡ್ಡು ಕೊಟ್ಟು ಗುಂಪಿನಲ್ಲಿ ಓಡಿಸುವ ಜೆಪೆಗ್ ರಿಪೇರಿ. ಈ ದುಡ್ಡು ಉಳಿಸಲು ಹೋಗಿ ವಾರಗಟ್ಟಲೆ ಕಳೆಯುವುದು ಲಾಭದ ಲೆಕ್ಕವಲ್ಲ.

ತೀರಿಕೊಂಡವರ ಫೋಟೋ, ಚಿಕ್ಕ ಗಾತ್ರ, ಬೇರೆ ಪ್ರತಿ ಇಲ್ಲ, ಆನ್‌ಲೈನ್ ಕೀ: ಇವತ್ತಿಗೆ ದಾರಿಯಿಲ್ಲ. ಆದರೆ ಅಳಿಸಬೇಡಿ. ಟೆಸ್ಲಾಕ್ರಿಪ್ಟ್‌ನವರು 2016ರಲ್ಲಿ ತಾವಾಗಿ ಮಾಸ್ಟರ್ ಕೀ ಕೊಟ್ಟುಬಿಟ್ಟರು, ಶೇಡ್‌ನವರು 2020ರಲ್ಲಿ ಏಳೂವರೆ ಲಕ್ಷ ಕೀಗಳನ್ನು ಹೊರಬಿಟ್ಟರು. 2022ರಲ್ಲಿ ಡಚ್ ಪೊಲೀಸರು ಡೆಡ್‌ಬೋಲ್ಟ್ ತಂಡಕ್ಕೆ ಬಿಟ್‌ಕಾಯಿನ್ ಕಳಿಸಿದಂತೆ ಮಾಡಿ, ಕೀ ಬಂದ ಕೂಡಲೇ ಪಾವತಿ ರದ್ದುಮಾಡಿ 155 ಕೀಗಳನ್ನು ಎಗರಿಸಿದರು. ಕೆಟ್ಟ ಫೈಲು, ರೀಡ್‌ಮಿ, ಪರ್ಸನಲ್‌ಐಡಿ ಮೂರನ್ನೂ ಒಂದು ಡಿಸ್ಕಿಗೆ ಹಾಕಿ, ದಾಳಿಯಾದ ತಾರೀಕು ಮತ್ತು ಆ ನಾಲ್ಕಕ್ಷರದ ಬಾಲವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆ ಎಮ್ಸಿಸಾಫ್ಟ್ ಡಿಕ್ರಿಪ್ಟರನ್ನು ಹೊಸದಾಗಿ ಇಳಿಸಿ ಆ ಡಿಸ್ಕಿನ ಒಂದು ಫೈಲಿನ ಮೇಲೆ ಓಡಿಸಿ ನೋಡಿ.